ಹಳೆಯ ಕಂಪ್ಯೂಟರ್ ಬಿಡಿಭಾಗಗಳಲ್ಲಿನ ಚಿನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕೆಟ್ಟುಹೋದ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್ ಮತ್ತು ಹಳೆಯ ಪ್ರೊಸೆಸರ್‌ಗಳು ಎರಡು ಚೀಲದಷ್ಟು ಸೇರಿವೆ. ಗುಜರಿಯವರು ಎಲ್ಲವನ್ನೂ ಒಂದೇ ದರಕ್ಕೆ ಕೆ.ಜಿ. ಲೆಕ್ಕದಲ್ಲಿ ಕೇಳುತ್ತಾರೆ. ಇವುಗಳಲ್ಲಿ ಚಿನ್ನವಿದೆ, ಮನೆಯಲ್ಲೇ ತೆಗೆಯಬಹುದು ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ಹೊಸಬನಾದ ನಾನು ಎಲ್ಲಿಂದ ಆರಂಭಿಸಬೇಕು? ಖರ್ಚು ಕಳೆದು ಏನಾದರೂ ಉಳಿಯುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಚಿನ್ನ ಇರುವುದು ನಿಜ. ಆದರೆ ಆಸಿಡ್ ಬಾಟಲಿ ತರುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕಿ. ಏಕೆಂದರೆ ಕಣ್ಣಿಗೆ ಕಾಣುವ ಹೊಳಪು ಚಿನ್ನ ಎಷ್ಟು ಅಗಲಕ್ಕೆ ಹರಡಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಎಷ್ಟು ದಪ್ಪವಿದೆ ಎಂಬುದನ್ನಲ್ಲ. ರ‍್ಯಾಮ್ ಮತ್ತು ಕಾರ್ಡ್‌ಗಳಲ್ಲಿ ಸ್ಲಾಟಿಗೆ ಕೂರುವ ಅಂಚಿನ ಹಳದಿ ಪಟ್ಟಿಗಳ ಮೇಲೆ, ತಯಾರಿಕೆ ಒಳ್ಳೆಯದಾಗಿದ್ದರೆ, ಸುಮಾರು 0.75 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಲೇಪನ ಇರುತ್ತದೆ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಇವೆರಡನ್ನೂ ಗುಣಿಸಿದರೆ ಒಂದು ಚದರ ಸೆಂಟಿಮೀಟರ್ ಲೇಪನದಲ್ಲಿರುವುದು ಸುಮಾರು 1.45 ಮಿಲಿಗ್ರಾಂ ಚಿನ್ನ. 240 ಪಟ್ಟಿಗಳಿರುವ ರ‍್ಯಾಮ್‌ನ ಎರಡೂ ಬದಿ ಸೇರಿದರೆ ಐದು ಚದರ ಸೆಂಟಿಮೀಟರ್‌ಗೂ ತುಸು ಕಡಿಮೆಯಾದ್ದರಿಂದ, ಒಂದು ರ‍್ಯಾಮ್‌ನಿಂದ ಹೆಚ್ಚೆಂದರೆ 7 ಮಿಲಿಗ್ರಾಂ ನಿರೀಕ್ಷಿಸಬಹುದು. ಒಂದು ಗ್ರಾಂ ಕೂಡಿಸಲು 140ಕ್ಕೂ ಹೆಚ್ಚು ರ‍್ಯಾಮ್ ಬೇಕು, ಅದೂ ಒಂದು ಕಣವನ್ನೂ ಕಳೆದುಕೊಳ್ಳದಿದ್ದರೆ. ಮದರ್‌ಬೋರ್ಡ್‌ನ ಮೈಮೇಲೆ ಅಲ್ಲಲ್ಲಿ ಕಾಣುವ ಹಳದಿ ಬಿಂದುಗಳಲ್ಲಿ ಲೇಪನ ಸಾಮಾನ್ಯವಾಗಿ 0.1 ಮೈಕ್ರಾನ್ ಅಥವಾ ಅದಕ್ಕೂ ತೆಳು. ಅವುಗಳಿಗಾಗಿ ಆಸಿಡ್ ಖರ್ಚು ಮಾಡುವುದು ನಷ್ಟದ ಬಾಬತ್ತು.

ಟನ್‌ಗಟ್ಟಲೆ ಸೇರಿದಾಗ ಲೆಕ್ಕವೇ ಬೇರೆ. ಒಳ್ಳೆಯ ದರ್ಜೆಯ ಬೋರ್ಡ್‌ಗಳ ಒಂದು ಟನ್‌ನಲ್ಲಿ ಇರುವಷ್ಟು ಚಿನ್ನ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ಒಂದು ಟನ್ ಅದಿರಿನಲ್ಲಿ ಇರುವುದಿಲ್ಲ. ಜೊತೆಗೆ ಬೆಳ್ಳಿ, ಪಲ್ಲಾಡಿಯಂ ಮತ್ತು ಹೇರಳ ತಾಮ್ರವನ್ನೂ ದೊಡ್ಡ ಘಟಕಗಳು ಬಿಡದೆ ತೆಗೆಯುವುದರಿಂದ ಅವರಿಗೆ ಗಿಟ್ಟುತ್ತದೆ. ಆದರೆ ಬೋರ್ಡ್ ಮಾತ್ರವಲ್ಲದೆ ಉಪಕರಣದ ಉಳಿದ ಭಾಗಗಳ ತೂಕವೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಟೋಕಿಯೊ 2020 ಒಲಿಂಪಿಕ್ಸ್ ಪದಕಗಳ ಉದಾಹರಣೆ ಇದೆ: ಜಪಾನಿನಾದ್ಯಂತ ಸುಮಾರು 79,000 ಟನ್ ಹಳೆಯ ಉಪಕರಣಗಳನ್ನೂ 62 ಲಕ್ಷ ಮೊಬೈಲ್‌ಗಳನ್ನೂ ಕೂಡಿಸಿದಾಗ ದೊರೆತ ಚಿನ್ನ ಸುಮಾರು 32 ಕೆ.ಜಿ.

ಆದ್ದರಿಂದ ನಿಮ್ಮ ಮೊದಲ ಕೆಲಸ ವಿಂಗಡಣೆ, ಮತ್ತು ನನ್ನ ಅಭಿಪ್ರಾಯದಲ್ಲಿ ಎರಡು ಚೀಲದ ಮಟ್ಟಿಗೆ ಲಾಭ ಇರುವುದೂ ಅಲ್ಲಿಯೇ. ರ‍್ಯಾಮ್‌ಗಳನ್ನು ಒಂದು ಡಬ್ಬಿಗೆ, ಕಾರ್ಡ್‌ಗಳನ್ನು ಇನ್ನೊಂದಕ್ಕೆ, ಮದರ್‌ಬೋರ್ಡ್‌ಗಳನ್ನು ಬೇರೆಯಾಗಿ ಇಡಿ. ಪ್ರೊಸೆಸರ್‌ಗಳಲ್ಲಿ ಹಸಿರು ಫೈಬರ್ ಮೈಯವು ಬೇರೆ, ಪಿಂಗಾಣಿಯಂಥ ಸೆರಾಮಿಕ್ ಮೈಯ 386, 486 ಮತ್ತು ಮೊದಲ ಪೆಂಟಿಯಂ ಕಾಲದವು ಬೇರೆ. ಸೆರಾಮಿಕ್ ಪ್ರೊಸೆಸರ್‌ಗಳಲ್ಲಿ ಚಿನ್ನ ಹೆಚ್ಚು. ಕೆಲವನ್ನು ಹಳೆಯ ಯಂತ್ರ ಸಂಗ್ರಹಿಸುವ ಹವ್ಯಾಸಿಗಳು ಚಿನ್ನದ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾರೆ, ಆದ್ದರಿಂದ ಒಡೆಯಲೇಬೇಡಿ. ಹೀಗೆ ದರ್ಜೆಗಟ್ಟಿದ ಮಾಲಿಗೂ ಕಲಬೆರಕೆ ಚೀಲಕ್ಕೂ ಸಿಗುವ ದರದಲ್ಲಿ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ಆದರೂ ಕಲಿಯುವ ಆಸೆಗೆ ಸ್ವಲ್ಪ ಮಾಡಿ ನೋಡಬೇಕೆಂದಿದ್ದೇನೆ. ಬೋರ್ಡ್‌ಗಳನ್ನು ನೇರವಾಗಿ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಹಾಕಬಹುದೇ? ಅಂಗಡಿಯ ಹಿಂದಿನ ಕೋಣೆ ಸಾಕೇ?
– ಅದೇ ಓದುಗರು

ಉತ್ತರ: ಎರಡಕ್ಕೂ ಉತ್ತರ ಬೇಡ ಎಂಬುದೇ. ಚಿನ್ನವನ್ನು ಕರಗಿಸುವ ಆ ಮಿಶ್ರಣವನ್ನು, ಅಂದರೆ ಅಕ್ವಾ ರೀಜಿಯಾವನ್ನು, ಇಡೀ ಬೋರ್ಡಿನ ಮೇಲೆ ಸುರಿದರೆ ಅದು ಮೊದಲು ಕರಗಿಸುವುದು ತಾಮ್ರ, ತವರ, ಸೀಸ, ನಿಕ್ಕಲ್‌ಗಳನ್ನು. ಚಿನ್ನ ಆ ಕೊಳಕು ದ್ರವದಲ್ಲಿ ಎಲ್ಲೋ ಸೇರಿಹೋಗುತ್ತದೆ. ಬೆಸುಗೆಯ ತವರ ಬಿಳಿ ಅಂಟಾಗಿ ಶೋಧಕ ಕಾಗದವನ್ನು ಕಟ್ಟಿಬಿಡುತ್ತದೆ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಚಿನ್ನ ತೆಗೆಯುವ ಕೆಲಸದ ಬಹುಪಾಲು ನಿಜವಾಗಿ ತಾಮ್ರ ತೆಗೆಯುವ ಕೆಲಸ. ಅದು ಮೊದಲು ಮುಗಿಯಬೇಕು.

ತಿಳಿದವರು ಮಾಡುವ ಕ್ರಮ ಹೀಗಿದೆ. ಹಳದಿ ಅಂಚನ್ನು ಮಾತ್ರ, ಬೆಸುಗೆ ಸೇರದಂತೆ, ತಗಡು ಕತ್ತರಿಯಿಂದ ಕತ್ತರಿಸುತ್ತಾರೆ. ಅವನ್ನು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕೆಲವು ದಿನ ಬಿಟ್ಟಾಗ ಅಡಿಯ ತಾಮ್ರ ಕರಗಿ ದ್ರಾವಣ ಕಡು ಹಸಿರಾಗುತ್ತದೆ, ಮತ್ತು ಹಿಡಿತ ತಪ್ಪಿದ ಚಿನ್ನ ತೆಳುವಾದ ಪರೆಯಾಗಿ ಕಳಚಿ ತೇಲುತ್ತದೆ. ಆ ಪರೆಗಳನ್ನು ಸೋಸಿ, ತೊಳೆದು, ಅನಂತರವೇ ಅಕ್ವಾ ರೀಜಿಯಾದಲ್ಲಿ ಕರಗಿಸಿ, ಸೋಡಿಯಂ ಮೆಟಾಬೈಸಲ್ಫೈಟ್‌ನಿಂದ ಚಿನ್ನವನ್ನು ತಳಕ್ಕೆ ಇಳಿಸುತ್ತಾರೆ. ದ್ರಾವಣದಲ್ಲಿ ನೈಟ್ರಿಕ್ ಆಮ್ಲ ಮಿಕ್ಕಿದ್ದರೆ ಚಿನ್ನ ಇಳಿಯುವುದಿಲ್ಲ. ಒಂದು ತೊಟ್ಟನ್ನು ಶೋಧಕ ಕಾಗದದ ಮೇಲೆ ಹಾಕಿ ಸ್ಟ್ಯಾನಸ್ ಕ್ಲೋರೈಡ್ ತಾಕಿಸಿದಾಗ ನೇರಳೆ ಬಣ್ಣ ಬಂದರೆ ದ್ರಾವಣದಲ್ಲಿ ಇನ್ನೂ ಚಿನ್ನ ಇದೆ ಎಂದು ಅರ್ಥ. ತಳದಲ್ಲಿ ಕೂರುವ ಚಿನ್ನ ಹೊಳೆಯುವುದಿಲ್ಲ. ಅದು ಕಾಫಿ ಪುಡಿಯಂಥ ಕಂದು ಹುಡಿ, ಕೆಸರೆಂದು ತಿಳಿದು ಚೆಲ್ಲಿದವರಿದ್ದಾರೆ. ಮೂಸೆಯಲ್ಲಿ ಬಿಳಿಗಾರದೊಂದಿಗೆ 1064 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕರಗಿಸಿದಾಗ ಮಾತ್ರ ಅದಕ್ಕೆ ಬಣ್ಣ ಬರುತ್ತದೆ. ಅಂಗಡಿ ಕಸವನ್ನು ತೊಳೆದು ಚಿನ್ನ ತೆಗೆಯುವ ಜಾಲಗಾರರನ್ನು ಬಲ್ಲ ನಮ್ಮ ಅಕ್ಕಸಾಲಿಗರಿಗೆ ಈ ಕೊನೆಯ ಹಂತ ಹೊಸದಲ್ಲ.

ಇದನ್ನು ವಿವರಿಸಿದ್ದು ತಿಳಿವಳಿಕೆಗಾಗಿ. ನೈಟ್ರಿಕ್ ಆಮ್ಲ ಲೋಹವನ್ನು ತಿನ್ನುವಾಗ ಏಳುವ ಕೆಂಪು-ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಅದನ್ನು ಉಸಿರಾಡಿದವರು ಆ ಕ್ಷಣಕ್ಕೆ ಸ್ವಲ್ಪ ಕೆಮ್ಮಿ ಸುಮ್ಮನಾಗಬಹುದು, ಆದರೆ ಹಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಸುಮ್ಮನಿರುವುದಿಲ್ಲ: ಹಿಂದಿನ ಕೋಣೆಯಲ್ಲಿ ಡಬ್ಬಿ ತೆರೆದಿಟ್ಟರೆ ಮುಂದಿನ ಮೇಜಿನ ಮೇಲಿರುವ ಗಿರಾಕಿಗಳ ಒಳ್ಳೆಯ ಬೋರ್ಡ್‌ಗಳು ಮತ್ತು ನಿಮ್ಮ ಸ್ಕ್ರೂಡ್ರೈವರ್‌ಗಳು ತುಕ್ಕು ಹಿಡಿಯುತ್ತವೆ. ಸಯನೈಡ್ ಹಾದಿಯನ್ನಂತೂ ಯೋಚಿಸಲೇಬೇಡಿ. ಚಿನ್ನದ ದ್ರಾವಣಕ್ಕೆ ಅಮೋನಿಯಾ ಸೇರಿಸಿದರೆ ಒಣಗಿದಾಗ ಸಿಡಿಯುವ ವಸ್ತು ಉಂಟಾಗುತ್ತದೆ. ಕಲಿಯುವ ಆಸೆ ನಿಜವಾದದ್ದಾದರೆ, ಹೊಗೆ ಹೊರಹಾಕುವ ಕಪಾಟು ಇರುವ ಕಾಲೇಜು ಪ್ರಯೋಗಾಲಯದಲ್ಲಿ, ರಸಾಯನಶಾಸ್ತ್ರದ ಅಧ್ಯಾಪಕರ ಎದುರಿನಲ್ಲಿ, ಹತ್ತಿಪ್ಪತ್ತು ಅಂಚುಗಳಿಂದ ಮಾಡಿ ನೋಡಲು ಅನುಮತಿ ಕೇಳಿ.

ಪ್ರಶ್ನೆ: ತಾಮ್ರವೇ ವಿದ್ಯುತ್ತನ್ನು ಚೆನ್ನಾಗಿ ಹರಿಸುವಾಗ ಚಿನ್ನವನ್ನೇಕೆ ಬಳಸುತ್ತಾರೆ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ವಾಹಕತೆಯಲ್ಲಿ ಬೆಳ್ಳಿ ಮೊದಲು, ತಾಮ್ರ ಎರಡನೆಯದು, ಚಿನ್ನ ಮೂರನೆಯದು. ಆದರೆ ತಾಮ್ರಕ್ಕೆ ಗಾಳಿ ತಾಗಿದರೆ ಕಿಲುಬು ಹಿಡಿಯುತ್ತದೆ, ಆ ಪದರ ಸಣ್ಣ ವೋಲ್ಟೇಜಿನ ಸಂಕೇತವನ್ನು ತಡೆಯುತ್ತದೆ. ಚಿನ್ನ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ತಾಮ್ರ ಮೇಲಕ್ಕೆ ಸರಿದು ಬರದಂತೆ ನಡುವೆ ನಿಕ್ಕಲ್ ಪದರ ಇಡುತ್ತಾರೆ. ಸ್ಲಾಟಿಗೆ ಹಾಕಿ ತೆಗೆಯುವಾಗ ಸವೆಯದಿರಲೆಂದು ಚಿನ್ನಕ್ಕೆ ತುಸು ಕೋಬಾಲ್ಟ್ ಬೆರೆಸುತ್ತಾರೆ. ನಿಮ್ಮೂರ ಬಳಿಯ ಇಂಗಳದಾಳಿನಲ್ಲಿ ಗಣಿಯಿಂದ ತೆಗೆಯುತ್ತಿದ್ದ ತಾಮ್ರವನ್ನೂ ಹಟ್ಟಿಯ ಚಿನ್ನವನ್ನೂ ಒಂದೇ ಪಟ್ಟಿಯಲ್ಲಿ ಹೀಗೆ ಒಂದರ ಮೇಲೊಂದು ಕಲ್ಪಿಸಿಕೊಳ್ಳಬಹುದು.

ಪ್ರಶ್ನೆ: ಕೆಲಸ ಮುಗಿದ ಮೇಲೆ ಉಳಿಯುವ ಹಸಿರು ನೀರನ್ನು ಮೋರಿಗೆ ಬಿಡುತ್ತಾರೆ, ಬೋರ್ಡ್‌ಗಳನ್ನು ಸುಡುತ್ತಾರೆ ಎಂದು ಕೇಳಿದ್ದೇನೆ. ಇದಕ್ಕೆ ಕಾನೂನು ಇಲ್ಲವೇ?
– ಓದುಗರು, ಹರಿಹರ

ಉತ್ತರ: ಇದೆ. 2022ರ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮರುಬಳಕೆ ಘಟಕ ನಡೆಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಆಮ್ಲ ಮಾರಾಟಕ್ಕೆ ಕೂಡ ಸುಪ್ರೀಂ ಕೋರ್ಟ್ 2013ರಲ್ಲಿ ಕಡಿವಾಣ ಹಾಕಿದೆ: ಕೊಳ್ಳುವವರ ಗುರುತಿನ ಚೀಟಿ ಮತ್ತು ಉದ್ದೇಶವನ್ನು ಅಂಗಡಿಯವರು ಬರೆದಿಡಬೇಕು.

ಆ ಹಸಿರು ನೀರಿನಲ್ಲಿರುವುದು ತಾಮ್ರ ಮತ್ತು ನಿಕ್ಕಲ್. ಅಲ್ಪ ಪ್ರಮಾಣದ ತಾಮ್ರವೂ ಮೀನು ಮತ್ತು ಜಲಸಸ್ಯಗಳಿಗೆ ವಿಷ. ಮೋರಿಯ ನೀರು ಕೊನೆಗೆ ಹಳ್ಳ, ಕೆರೆ, ಹೊಳೆಗಳನ್ನೇ ಸೇರುತ್ತದೆ, ತುಂಗಭದ್ರೆಯ ನೀರು ಕುಡಿಯುವ ನಮಗೆ ಇದು ದೂರದ ವಿಷಯವಲ್ಲ. ಸರಿಯಾದ ಘಟಕದಲ್ಲಿ ಕಬ್ಬಿಣದ ಚೂರು ಹಾಕಿ ತಾಮ್ರವನ್ನು ಹಿಂದಕ್ಕೆ ಪಡೆದು, ಸುಣ್ಣ ಬೆರೆಸಿ ಮಿಕ್ಕ ಲೋಹಗಳನ್ನು ಗಸಿಯಾಗಿ ಇಳಿಸಿ, ಆ ಗಸಿಯನ್ನು ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕವಾಗಿ ವಿಲೇವಾರಿ ಮಾಡುತ್ತಾರೆ. ಬೋರ್ಡ್ ಸುಡುವುದು ಇನ್ನೂ ಕೆಟ್ಟದ್ದು: ಅದರ ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದಿರಲೆಂದು ಸೇರಿಸುವ ಬ್ರೋಮಿನ್ ಸಂಯುಕ್ತಗಳಿಂದ ಡಯಾಕ್ಸಿನ್ ಬಗೆಯ ವಿಷ ಹುಟ್ಟುತ್ತದೆ, ಬೆಸುಗೆಯ ಸೀಸ ಹೊಗೆ ಬೂದಿಗಳಲ್ಲಿ ಸೇರಿ ಸುತ್ತಲಿನ ಮಕ್ಕಳ ಮೈಗೆ ಹೋಗುತ್ತದೆ. ಅಂಥದ್ದು ಕಂಡರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಸ್ಥಳ ಮತ್ತು ಸಮಯ ನಮೂದಿಸಿ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಹಳೆಯ ಮಾಲು ಮಾರುವ ಅಂಗಡಿಯವರೂ ಕೊಳ್ಳುವವರ ನೋಂದಣಿ ಪತ್ರ ನೋಡಿಯೇ ಮಾರಲಿ, ರಸೀದಿ ಇಟ್ಟುಕೊಳ್ಳಲಿ.