ಡಬ್ಬದ ಸೀಲ್ ಒಡೆಯದ ಹಳೆಯ ಸ್ಪೀಕರ್ ಕೊಳ್ಳಬಹುದೇ?

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಜೋಡಿಸಿ ಹಾಡು ಕೇಳಲು, ಆಗೊಮ್ಮೆ ಈಗೊಮ್ಮೆ ಸಿನಿಮಾ ನೋಡಲು ಒಂದು ಸ್ಪೀಕರ್ ಸೆಟ್ ಬೇಕಾಗಿದೆ. ಹೊಸದಕ್ಕೆ ಹೆಚ್ಚು ಹಣ ಹಾಕುವ ಸ್ಥಿತಿಯಲ್ಲಿ ನಾನಿಲ್ಲ. ಸದ್ಯಕ್ಕೆ ಎರಡು ಆಯ್ಕೆಗಳಿವೆ. ಒಂದು, ತಯಾರಕರೇ ರೀಫರ್ಬಿಷ್ ಮಾಡಿ, ಅಂದರೆ ಮರಳಿ ಬಂದ ಸರಕನ್ನು ಮತ್ತೆ ಅಣಿಗೊಳಿಸಿ, ಮೂರು ತಿಂಗಳ ವಾರಂಟಿಯೊಂದಿಗೆ ಮಾರುತ್ತಿರುವ 2.1 ಸೆಟ್ (ಎರಡು ಸ್ಪೀಕರ್, ತಗ್ಗು ಸ್ವರಗಳಿಗೆ ಒಂದು ಸಬ್‌ವೂಫರ್). ಇನ್ನೊಂದು, ತಯಾರಿಕೆ ನಿಂತು ಹತ್ತು ವರ್ಷ ದಾಟಿರುವ ಪ್ರಸಿದ್ಧ 5.1 ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್), ಅಂಗಡಿಯಲ್ಲಿ ಉಳಿದುಹೋದ ಸರಕು, ಡಬ್ಬದ ಸೀಲ್ ಕೂಡ ಒಡೆದಿಲ್ಲ, ಅಂದಿನ ಬೆಲೆಯ ಮೂರನೇ ಒಂದು ಭಾಗಕ್ಕೆ ಕೊಡುತ್ತಾರಂತೆ. ನನ್ನ ಮನಸ್ಸು ಎರಡನೆಯದರ ಮೇಲಿದೆ. ಕೊಳ್ಳಬಹುದೇ?

ಉತ್ತರ: ನಿಮ್ಮ ಮನಸ್ಸು ಎರಡನೆಯದರ ಮೇಲಿದ್ದರೂ ನಾನು ಮೊದಲನೆಯದನ್ನೇ ಸೂಚಿಸುತ್ತೇನೆ. ಸೀಲ್ ಒಡೆದಿಲ್ಲವೆಂದರೆ ಆ ಸೆಟ್ಟನ್ನು ಯಾರೂ ಬಳಸಿಲ್ಲ ಎಂದು ನಂಬಬಹುದು, ಆದರೆ ಅದಕ್ಕೆ ವಯಸ್ಸಾಗಿಲ್ಲ ಎಂದು ನಂಬಲಾಗದು. ಸ್ಪೀಕರಿನ ಕೆಲವು ಭಾಗಗಳು ಬಳಕೆಯಿಂದ ಸವೆಯುತ್ತವೆ, ಕೆಲವು ಸುಮ್ಮನೆ ಇಟ್ಟರೂ ಕೆಡುತ್ತವೆ; ಹಳೆಯ ಸರಕಿನಲ್ಲಿ ಹೆಚ್ಚು ಖರ್ಚಿಗೆ ಈಡುಮಾಡುವುದು ಈ ಎರಡನೆಯ ಬಗೆಯ ಭಾಗಗಳೇ.

ಅವುಗಳಲ್ಲಿ ಕೋನಿನ, ಅಂದರೆ ಕಂಪಿಸಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗದ, ಅಂಚು ಮುಖ್ಯವಾದುದು. ಕೋನನ್ನು ಸುತ್ತಲಿನ ಚೌಕಟ್ಟಿಗೆ ಹಿಡಿದಿಡುವ ಮೃದುವಾದ ಆ ಬಳೆಯನ್ನು ಕೆಲವು ಸ್ಪೀಕರ್‌ಗಳಲ್ಲಿ ರಬ್ಬರಿನಿಂದಲೂ ಕೆಲವುಗಳಲ್ಲಿ ಪಾಲಿಯುರೆಥೇನ್ ಫೋಮ್‌ನಿಂದಲೂ ಮಾಡಿರುತ್ತಾರೆ. ರಬ್ಬರ್ ಬಹುಕಾಲ ಬಾಳುತ್ತದೆ. ಫೋಮ್ ಹಾಗಲ್ಲ, ಗಾಳಿಯಲ್ಲಿನ ತೇವ ಮತ್ತು ಬಿಸಿಲಿನ ಬೆಳಕಿಗೆ ಅದು ನಿಧಾನವಾಗಿ ಕರಗುತ್ತ ಬಂದು, ಸಾಮಾನ್ಯವಾಗಿ 10ರಿಂದ 20 ವರ್ಷಗಳ ಒಳಗೆ ಬೆರಳು ತಾಗಿಸಿದರೆ ಅಂಟಂಟಾಗಿ ಕೈಗೆ ಹತ್ತುವ ಅಥವಾ ಪುಡಿಪುಡಿಯಾಗಿ ಉದುರುವ ಸ್ಥಿತಿಗೆ ತಲುಪುತ್ತದೆ. ಡಬ್ಬದೊಳಗೆ ಬೆಳಕು ಬೀಳದಿದ್ದರೂ ತೇವ ಹೋಗದೆ ಇರುವುದಿಲ್ಲ. ಒಮ್ಮೆಯೂ ವಿದ್ಯುತ್ ಕಾಣದ ಸಬ್‌ವೂಫರ್ ಮೊದಲ ದಿನವೇ ಅಂಚು ಹರಿದುಕೊಳ್ಳುವುದಕ್ಕೆ ಇದೇ ಕಾರಣ. ಅಂಚನ್ನು ಬದಲಿಸುವ ಕಿಟ್‌ಗಳು ಸಿಗುತ್ತವೆ, ತಾಳ್ಮೆಯಿರುವವರು ಮನೆಯಲ್ಲೇ ಅಂಟಿಸಿಕೊಳ್ಳುವುದೂ ಉಂಟು. ಆದರೆ ಕಡಿಮೆ ಬೆಲೆಗೆಂದು ಕೊಂಡ ವಸ್ತುವಿಗೆ ಮೊದಲ ವಾರವೇ ಇಂಥ ಕೆಲಸ ಹಚ್ಚಿಕೊಳ್ಳಬೇಕೇ ಎಂಬುದನ್ನು ನೀವೇ ಯೋಚಿಸಿ.

ಇನ್ನೊಂದು ಭಾಗ, ವಿದ್ಯುತ್ ಪೂರೈಸುವ ವಿಭಾಗದಲ್ಲಿ ವಿದ್ಯುತ್ತನ್ನು ಕೂಡಿಟ್ಟು ಅದರ ಏರಿಳಿತವನ್ನು ತಗ್ಗಿಸುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಇದರೊಳಗೆ ದ್ರವವಿರುತ್ತದೆ, ಕಾಲ ಕಳೆದಂತೆ ಅದು ಒಣಗುತ್ತದೆ. ಇದರ ಆಯುಷ್ಯವನ್ನು ತಯಾರಕರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000 ಗಂಟೆ ಎಂಬಂತೆ ನಮೂದಿಸುತ್ತಾರೆ. ಶಾಖ ಪ್ರತಿ 10 ಡಿಗ್ರಿ ಇಳಿದಾಗ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ರೂಢಿಯಲ್ಲಿಟ್ಟುಕೊಂಡಿರುವ ಲೆಕ್ಕ. ಆಂಪ್ಲಿಫೈಯರನ್ನು ಸಬ್‌ವೂಫರಿನ ಮರದ ಪೆಟ್ಟಿಗೆಯೊಳಗೆ ಗಾಳಿಯಾಡದಂತೆ ಕೂರಿಸಿರುವ ಸೆಟ್‌ಗಳಲ್ಲಿ ಕೆಪಾಸಿಟರ್ ಬೇಗ ಸಾಯುವುದು ಈ ಶಾಖದಿಂದಾಗಿ. ವರ್ಷಗಟ್ಟಲೆ ಬಳಸದೆ ಇಟ್ಟರೂ ಅದರ ಒಳಪದರ ದುರ್ಬಲಗೊಂಡು, ದಿಢೀರನೆ ಪೂರ್ಣ ವೋಲ್ಟೇಜ್ ಕೊಟ್ಟಾಗ ಕೈಕೊಡುವ ಸಂಭವವಿದೆ.

ವಯಸ್ಸಿನ ವಿಚಾರವನ್ನು ಪಕ್ಕಕ್ಕಿಟ್ಟರೂ 5.1 ಸೆಟ್ಟಿಗೆ ನನ್ನದೊಂದು ಆಕ್ಷೇಪವಿದೆ. ಹಳೆಯ 5.1 ಸೆಟ್‌ಗಳಿಗೆ ಕಂಪ್ಯೂಟರಿನಿಂದ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ಪ್ರತ್ಯೇಕ ಜ್ಯಾಕ್‌ಗಳ ಮೂಲಕ ಧ್ವನಿ ಹೋಗಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದು ಬಹುಶಃ ಹೆಡ್‌ಫೋನಿನ ಒಂದೇ ಜ್ಯಾಕ್. ಅದಕ್ಕೆ ಜೋಡಿಸಿದರೆ ಸಿಗುವುದು ಎರಡು ಚಾನಲ್ಲಿನ ಸ್ಟೀರಿಯೊ. ಹಿಂದಿನ ಸ್ಪೀಕರ್‌ಗಳು ಮುಂದಿನವು ಹೇಳಿದ್ದನ್ನೇ ಹೇಳುತ್ತ ಕೂರುತ್ತವೆ, ಇಲ್ಲವೇ ಸುಮ್ಮನಿರುತ್ತವೆ. ಯುಎಸ್‌ಬಿ ಸೌಂಡ್ ಕಾರ್ಡ್ ಕೊಂಡು ಇದನ್ನು ಸರಿಪಡಿಸಿಕೊಳ್ಳಬಹುದಾದರೂ ಅದು ಬೇರೆ ಖರ್ಚು. ಹಾಡು ಕೇಳುವುದೇ ಮುಖ್ಯವಾಗಿರುವ ನಿಮಗೆ ಐದು ಸ್ಪೀಕರ್‌ಗಳ ತಂತಿ ಎಳೆದಾಡುವ ಅಗತ್ಯವೇ ಇಲ್ಲ.

ಈಗ, ಹಳೆಯ ಮಾದರಿ ಕೊಳ್ಳುವ ಯಾರೇ ಆದರೂ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗೆ ಬರುತ್ತೇನೆ. ಸೆಟ್ಟಿನ ಒಂದೊಂದು ತುಂಡೂ ಒಂದಕ್ಕೊಂದು ಹೇಗೆ ಕೂಡಿಕೊಂಡಿದೆ, ಅವುಗಳಲ್ಲಿ ಒಂದು ಕೆಟ್ಟರೆ ಅಥವಾ ಕಳೆದರೆ ಅದರ ಬದಲಿಗೆ ಎಲ್ಲೆಡೆ ಸಿಗುವ ಸಾಮಾನು ಸಾಕಾಗುತ್ತದೆಯೇ ಎಂಬುದೇ ಆ ಪ್ರಶ್ನೆ. ಬ್ರ್ಯಾಂಡ್, ವ್ಯಾಟ್, ಧ್ವನಿಯ ಗುಣ ಇವೆಲ್ಲ ಇದರ ನಂತರ. ಲಾಜಿಟೆಕ್ ಕಂಪನಿಯ ಝಡ್-5500 ಎಂಬ 505 ವ್ಯಾಟ್‌ಗಳ 5.1 ಸೆಟ್ಟನ್ನು ಈಗಲೂ ಹುಡುಕಿ ಕೊಳ್ಳುವವರಿದ್ದಾರೆ. ಅದರ ಆಂಪ್ಲಿಫೈಯರ್ ಸಬ್‌ವೂಫರಿನಲ್ಲಿದ್ದರೂ ಚಾಲನೆಯ ಕೀಲಿಯೆಲ್ಲ ಮೇಜಿನ ಮೇಲಿಡುವ ಕಂಟ್ರೋಲ್ ಪಾಡ್‌ನಲ್ಲಿದೆ. ಪಾಡ್ ಇಲ್ಲದ ಸೆಟ್ ನಿಮ್ಮ ಪಾಲಿಗೆ ಭಾರವಾದ ಪೆಟ್ಟಿಗೆಯಷ್ಟೇ. ಅದೇ ಕಂಪನಿಯ ಝಡ್623ರಲ್ಲಿ ಪವರ್ ಗುಂಡಿ ಮತ್ತು ವಾಲ್ಯೂಮ್ ಬಲಗಡೆಯ ಸ್ಪೀಕರಿನಲ್ಲಿದ್ದು, ಅದು ಹಳೆಯ ಮಾನಿಟರ್ ಕೇಬಲ್ಲಿನ ಪಿನ್ನನ್ನು ಹೋಲುವ ಕನೆಕ್ಟರಿನಿಂದ ಸಬ್‌ವೂಫರಿಗೆ ಸೇರಿಕೊಳ್ಳುತ್ತದೆ. ಬಲಗಡೆಯದು ಕೆಟ್ಟರೆ ಎಡಗಡೆಯದಕ್ಕೂ ಸಬ್‌ವೂಫರಿಗೂ ಕೆಲಸವಿಲ್ಲ. ಇವು ಕೆಟ್ಟ ಸ್ಪೀಕರ್‌ಗಳೆಂದು ನಾನು ಹೇಳುತ್ತಿಲ್ಲ, ಎರಡೂ ತಮ್ಮ ಕಾಲದಲ್ಲಿ ಒಳ್ಳೆಯ ಹೆಸರು ಪಡೆದವು. ಆದರೆ ಬಿಡಿಭಾಗ ಬೇಕಾದಾಗ ನೀವು ಅದೇ ಮಾದರಿಯ ಇನ್ನೊಂದು ಕೆಟ್ಟ ಸೆಟ್ಟನ್ನೇ ಹುಡುಕಬೇಕಾಗುತ್ತದೆ. ಇದಕ್ಕೆ ಬದಲಾಗಿ, ಬರಿಯ ತಂತಿಯನ್ನು ಸ್ಪ್ರಿಂಗ್ ಕ್ಲಿಪ್ಪಿಗೆ ಸಿಕ್ಕಿಸುವ, ಅಥವಾ ಕೆಂಪು ಬಿಳಿ ಆರ್‌ಸಿಎ ಪಿನ್ನಿನಿಂದ ಜೋಡಿಸುವ ಸೆಟ್ ಸಿಕ್ಕರೆ, ಅದರ ಯಾವುದೇ ತುಂಡು ಹೋದರೂ ಉಳಿದವು ಬದುಕಿಕೊಳ್ಳುತ್ತವೆ.

ಧ್ವನಿ ಒಳಬರುವ ದಾರಿಗೂ ಇದೇ ಮಾತು ಅನ್ವಯಿಸುತ್ತದೆ. ಹರ್ಮನ್ ಕಾರ್ಡನ್ ಕಂಪನಿ 2000ದಲ್ಲಿ ಹೊರತಂದ ಸೌಂಡ್‌ಸ್ಟಿಕ್ಸ್ ಸ್ಪೀಕರ್ ನೋಡಲು ಎಷ್ಟು ಸುಂದರವಾಗಿತ್ತೋ ಅಷ್ಟೇ ಹಟಮಾರಿಯೂ ಆಗಿತ್ತು: ಮೊದಲ ಮಾದರಿಗೆ ಯುಎಸ್‌ಬಿ ಒಂದೇ ದಾರಿ. ಹಳೆಯ ಸೆಟ್‌ಗಳಲ್ಲಿ 3.5 ಮಿಲಿಮೀಟರಿನ ಸಾದಾ ಜ್ಯಾಕ್ ಇರುವುದನ್ನೇ ಆರಿಸಿಕೊಂಡರೆ ಡ್ರೈವರ್ ಸಾಫ್ಟ್‌ವೇರ್, ಬ್ಲೂಟೂತ್ ಎಂಬ ಯಾವ ತಕರಾರೂ ಉಳಿಯುವುದಿಲ್ಲ.

ರೀಫರ್ಬಿಷ್ಡ್ ಸೆಟ್ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಕೊಳ್ಳಿ ಎಂದೂ ನಾನು ಹೇಳಲಾರೆ. ಗ್ರಾಹಕರು ಒಮ್ಮೆ ತೆರೆದು ಮರಳಿಸಿದ್ದು, ಸಾಗಣೆಯಲ್ಲಿ ಮೂಲೆ ತಗ್ಗಾದದ್ದು, ಕೆಟ್ಟು ರಿಪೇರಿಯಾದದ್ದು, ಬರೀ ಒರೆಸಿ ಹೊಸ ಡಬ್ಬಕ್ಕೆ ಹಾಕಿದ್ದು, ಇವೆಲ್ಲವನ್ನೂ ಈ ಒಂದೇ ಹಣೆಪಟ್ಟಿಯ ಕೆಳಗೆ ಮಾರುತ್ತಾರೆ. ಆದ್ದರಿಂದ ಏನನ್ನು ಬದಲಿಸಿದ್ದಾರೆ ಎಂದು ನೇರವಾಗಿ ಕೇಳಿ. ತಯಾರಕರೇ ಮಾಡಿದ ಕೆಲಸವಾದರೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಬೇಕು, ಅದು ಸ್ಪೀಕರಿನ ಹಿಂಬದಿಯ ನಂಬರಿಗೆ ಹೊಂದಬೇಕು. ವಾರಂಟಿ ಅವಧಿಯಲ್ಲಿ ಕೆಟ್ಟರೆ ಸಬ್‌ವೂಫರನ್ನು ಕಳಿಸುವ ಖರ್ಚು ಯಾರದೆಂಬುದನ್ನು ಮೊದಲೇ ತಿಳಿದುಕೊಳ್ಳಿ. ಭಾರದ ಪೆಟ್ಟಿಗೆಯಾದ್ದರಿಂದ ಸಾಗಣೆಯ ವೆಚ್ಚವೇ ಕೆಲವೊಮ್ಮೆ ವಾರಂಟಿಯ ಲಾಭವನ್ನು ನುಂಗಿಬಿಡುತ್ತದೆ.

ಸೆಟ್ ಕೈಗೆ ಬಂದ ದಿನವೇ, ಮರಳಿಸುವ ಅವಧಿ ಮುಗಿಯುವ ಮೊದಲು, ಹೀಗೆ ಪರೀಕ್ಷಿಸಿ. ಪವರ್ ಆರಿಸಿದ ಸ್ಥಿತಿಯಲ್ಲಿ ಮುಂದಿನ ಜಾಲರಿ ತೆಗೆಯಲು ಬರುವುದಾದರೆ ತೆಗೆದು, ಕೋನಿನ ನಡುಭಾಗದ ಸುತ್ತ ಬೆರಳತುದಿಗಳನ್ನು ಸಮನಾಗಿ ಇಟ್ಟು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಅದು ಸದ್ದಿಲ್ಲದೆ ಹೋಗಿ ಬರಬೇಕು. ಮರಳು ಉಜ್ಜಿದಂಥ ಸಣ್ಣ ಸದ್ದು ಬಂದರೆ ಕೋನಿನ ಹಿಂದಿರುವ ತಂತಿಯ ಸುರುಳಿ (ವಾಯ್ಸ್ ಕಾಯಿಲ್) ಅಯಸ್ಕಾಂತಕ್ಕೆ ತಾಗುತ್ತಿದೆಯೆಂದು ತಿಳಿಯಿರಿ. ಅಂಥದ್ದನ್ನು ಮರಳಿಸುವುದೇ ಸರಿ. ಬಳಿಕ 20 ಹರ್ಟ್ಸ್‌ನಿಂದ 20 ಕಿಲೊಹರ್ಟ್ಸ್‌ವರೆಗೆ ಏರುತ್ತ ಹೋಗುವ ಪರೀಕ್ಷಾ ಧ್ವನಿಯೊಂದನ್ನು ಮಧ್ಯಮ ವಾಲ್ಯೂಮಿನಲ್ಲಿ ಹಾಕಿ. ಸಂಗೀತದ ನಡುವೆ ಅಡಗಿಕೊಳ್ಳುವ ದೋಷ ಇಲ್ಲಿ ಬಯಲಾಗುತ್ತದೆ: ಯಾವುದೋ ಒಂದು ಸ್ವರದ ಬಳಿ ಮಾತ್ರ ಝರ್ ಎಂದರೆ ಸಡಿಲಾದ ಸ್ಕ್ರೂ, ಹರಿದ ಅಂಚು ಅಥವಾ ಬಿರುಕುಬಿಟ್ಟ ಪೆಟ್ಟಿಗೆ ಇದೆ ಎಂದರ್ಥ. ತೀರ ಕೆಳಗಿನ ಸ್ವರಗಳು ಕೇಳದಿದ್ದರೆ ಗಾಬರಿಯಾಗಬೇಡಿ, ಚಿಕ್ಕ ಸ್ಪೀಕರ್‌ಗಳು ಅಷ್ಟು ಕೆಳಕ್ಕೆ ಇಳಿಯುವುದೇ ಇಲ್ಲ. ಕೊನೆಗೆ, ಒಬ್ಬರೇ ಮಾತನಾಡುವ, ಎರಡೂ ಸ್ಪೀಕರ್‌ಗಳಿಗೆ ಒಂದೇ ಧ್ವನಿ ಹೋಗುವ ಮೊನೊ ಧ್ವನಿಮುದ್ರಣವನ್ನು ಹಾಕಿ ಎರಡು ಸ್ಪೀಕರ್‌ಗಳ ಸರಿ ನಡುವೆ ಕುಳಿತು ಕೇಳಿ. ಮಾತು ನಟ್ಟನಡುವಿನಿಂದ ಬರಬೇಕು. ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಂತೆ ಚದುರಿದರೆ ಒಂದು ಸ್ಪೀಕರಿನ ತಂತಿಯನ್ನು ತಿರುವುಮುರುವಾಗಿ ಜೋಡಿಸಿದ್ದಾರೆ. ಅದು ಸುಲಭವಾಗಿ ಸರಿಹೋಗುವ ದೋಷವೇ ಆದರೂ ರಿಪೇರಿ ಮಾಡಿದವರ ಅಜಾಗರೂಕತೆಯನ್ನು ತೋರಿಸಿಕೊಡುತ್ತದೆ.

ಬೆಲೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅಂದಿನ ಬೆಲೆಯ ಮೂರನೇ ಒಂದು ಭಾಗ ಎಂಬ ಲೆಕ್ಕದಿಂದ ನಿಮಗೆ ಏನೂ ತಿಳಿಯದು. ಇಂದು ಹೊಸದಾಗಿ, ಪೂರ್ಣ ವಾರಂಟಿಯೊಂದಿಗೆ ಸಿಗುವ ಅದೇ ಮಟ್ಟದ ಸೆಟ್ಟಿನ ಬೆಲೆಯೊಂದಿಗೆ ಹೋಲಿಸಿ ನೋಡಿ. ವಾರಂಟಿಯಿರುವ ರೀಫರ್ಬಿಷ್ಡ್ ಸೆಟ್ ಅದರ ಮೂರನೇ ಎರಡು ಭಾಗದೊಳಗೆ, ವಾರಂಟಿಯಿಲ್ಲದ ಹಳೆಯ ಸರಕು ಅರ್ಧಕ್ಕಿಂತ ಕಡಿಮೆಗೆ ಸಿಕ್ಕರೆ ಮಾತ್ರ ನಾನಾದರೆ ಕೈಹಾಕುತ್ತೇನೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸೆಟ್ ನೋಡಲು ಹೋಗಿದ್ದೆ. ಆನ್ ಮಾಡಿದಾಗ ಗುಂಯ್ ಎನ್ನುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು ಬರುತ್ತದೆ. ಅಡಾಪ್ಟರ್ ಕೂಡ ಮೂಲದ್ದಲ್ಲ. ಎಲ್ಲವೂ ಸಣ್ಣಪುಟ್ಟದ್ದು ಎನ್ನುತ್ತಾರೆ ಮಾರುವವರು. ನಿಜವೇ?

ಉತ್ತರ: ಕರಕರದ ಮಟ್ಟಿಗೆ ನಿಜ. ನಾಬ್ ತಿರುಗಿಸುವಾಗ ಮಾತ್ರ ಸದ್ದು ಬಂದು, ನಿಲ್ಲಿಸಿದೊಡನೆ ಹೋಗುವುದಾದರೆ ಅದು ನಾಬಿನ ಹಿಂದೆ ವಾಲ್ಯೂಮ್ ಏರಿಸಿ ಇಳಿಸುವ ಪೊಟೆನ್ಶಿಯೊಮೀಟರಿನೊಳಗೆ ಸೇರಿದ ದೂಳಿನ ಕಿತಾಪತಿ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ಆಚೀಚೆ ತಿರುಗಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಗುಂಯ್ ಎಂಬುದನ್ನು ಅಷ್ಟು ಹಗುರವಾಗಿ ಕಾಣಬಾರದು. ಕಂಪ್ಯೂಟರಿನಿಂದ ಬರುವ ಆಡಿಯೊ ಕೇಬಲ್ಲನ್ನು ಸ್ಪೀಕರಿನ ಬದಿಯಿಂದ ಕಿತ್ತು ನೋಡಿ. ಸದ್ದು ನಿಂತರೆ ದೋಷ ಕೇಬಲ್ಲಿನದು ಅಥವಾ ಅರ್ಥಿಂಗಿನದು, ಸ್ಪೀಕರಿನದಲ್ಲ. ಕೇಬಲ್ ಕಿತ್ತು ವಾಲ್ಯೂಮನ್ನು ಪೂರ್ತಿ ಇಳಿಸಿದ ಮೇಲೂ ಅದೇ ಸದ್ದು ಮುಂದುವರಿದರೆ ಕೆಪಾಸಿಟರ್ ಒಣಗಿರುವ ಸಂಭವ ಹೆಚ್ಚು. ಕೆಪಾಸಿಟರ್ ಬೆಲೆ ಅತ್ಯಲ್ಪವಾದರೂ ಬೋರ್ಡ್ ಬಿಚ್ಚಿ ಬೆಸುಗೆ ಹಾಕುವ ಕೂಲಿ ಅಲ್ಪವಲ್ಲ. ಸ್ವತಃ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅಪಾಯಕಾರಿ ಪ್ರಮಾಣದ ವಿದ್ಯುತ್ ಉಳಿದಿರಬಹುದು.

ಅಡಾಪ್ಟರಿನ ವಿಷಯವೇ ಹೆಚ್ಚು ಎಚ್ಚರಿಕೆ ಬೇಡುವಂಥದ್ದು. ಪಿನ್ ಹೊಂದಿತೆಂದು ಸಿಕ್ಕಿದ್ದನ್ನು ಚುಚ್ಚಬಾರದು. ಹಳೆಯ ಸ್ಪೀಕರ್‌ಗಳಲ್ಲಿ ಹಲವು ಎಸಿ ಔಟ್‌ಪುಟ್ ಇರುವ ಅಡಾಪ್ಟರನ್ನು ಬಳಸುತ್ತಿದ್ದವು, ಈಗ ಎಲ್ಲೆಡೆ ಸಿಗುವುದು ಡಿಸಿ. ಅಡಾಪ್ಟರಿನ ಮೇಲೆ ಔಟ್‌ಪುಟ್ ವೋಲ್ಟೇಜಿನ ಪಕ್ಕದಲ್ಲಿ ಅಲೆಯ ಗುರುತಿದ್ದರೆ ಎಸಿ; ನೇರ ಗೆರೆಯ ಕೆಳಗೆ ತುಂಡು ಗೆರೆಗಳಿದ್ದರೆ ಡಿಸಿ. ಸ್ಪೀಕರಿನ ಹಿಂಬದಿಯ ಗುರುತಿನೊಂದಿಗೆ ಇದು, ವೋಲ್ಟೇಜ್, ಡಿಸಿ ಆದರೆ ನಡುಪಿನ್ ಪ್ಲಸ್ಸೋ ಮೈನಸ್ಸೋ ಎಂಬುದು, ಇಷ್ಟೂ ಹೊಂದಬೇಕು. ಆಂಪಿಯರ್ ಮಾತ್ರ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆಯಿರಬಾರದು. ಬೇರೆ ದೇಶದ ಮಾರುಕಟ್ಟೆಗೆಂದು ತಯಾರಾದ ಸೆಟ್ಟಾಗಿದ್ದರೆ ಗೋಡೆಯ ವಿದ್ಯುತ್ತಿನ ವೋಲ್ಟೇಜನ್ನೂ ನೋಡಿ: ಹಿಂಬದಿಯಲ್ಲಿ 100–240 ಎಂದಿದ್ದರೆ ಎಲ್ಲಿಯೂ ನಡೆಯುತ್ತದೆ, ಬರೀ 120 ಎಂದಿರುವುದನ್ನು 230 ವೋಲ್ಟಿಗೆ ಚುಚ್ಚಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ಪ್ರಶ್ನೆ: ಅಲ್ಪ ಬೆಲೆಯ ಹೊಸ ಯುಎಸ್‌ಬಿ ಸ್ಪೀಕರಿನ ಮೇಲೆ ಸಾವಿರ ವ್ಯಾಟ್ ಪಿಎಂಪಿಒ ಎಂದು ಬರೆದಿದೆ. ಅದೇ ಹಣಕ್ಕೆ ಹಳೆಯ ಮ್ಯೂಸಿಕ್ ಸಿಸ್ಟಮ್ಮಿನ ಮರದ ಪೆಟ್ಟಿಗೆಯ ಸ್ಪೀಕರ್ ಜೋಡಿ ಸಿಗುತ್ತದೆ, ಆದರೆ ಆಂಪ್ಲಿಫೈಯರ್ ಇಲ್ಲ. ಯಾವುದು ಮೇಲು?

ಉತ್ತರ: ಸಾವಿರವನ್ನು ಮರೆತುಬಿಡಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಅಂದರೆ 2.5 ವ್ಯಾಟ್. ಅದರಿಂದಷ್ಟೇ ನಡೆಯುವ ಸ್ಪೀಕರ್ ಅದಕ್ಕಿಂತ ಹೆಚ್ಚನ್ನು ಎಡೆಬಿಡದೆ ಹೊರಡಿಸಲು ಸಾಧ್ಯವೇ ಇಲ್ಲ. ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಹೇಳಿಕೊಳ್ಳುವ ಪಿಎಂಪಿಒ ಎಂಬ ಅಂಕಿಗೆ ಒಪ್ಪಿತ ಅಳತೆಗೋಲಿಲ್ಲ. ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ, ಎಷ್ಟೆಂದು ನೋಡಿ. ಅದರಲ್ಲಿಯೂ 20 ಮತ್ತು 40 ವ್ಯಾಟ್‌ಗಳ ನಡುವಿನ ಅಂತರ ಕೇವಲ 3 ಡೆಸಿಬೆಲ್, ಕಿವಿಗೆ ಸ್ವಲ್ಪ ಜೋರು ಎನಿಸುವಷ್ಟು ಮಾತ್ರ.

ಮರದ ಪೆಟ್ಟಿಗೆಯ ಜೋಡಿಯನ್ನೇ ಕೊಳ್ಳಿ, ಅದರ ಅಂಚು ರಬ್ಬರಿನದಾಗಿದ್ದರೆ. ಒಳಗೆ ಆಂಪ್ಲಿಫೈಯರ್ ಇಲ್ಲದಿರುವುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ, ಏಕೆಂದರೆ ಬೇಗ ಕೆಡುವ ಭಾಗವೇ ಅದು. ಅಂಗೈಯಗಲದ ಕ್ಲಾಸ್-ಡಿ ಆಂಪ್ಲಿಫೈಯರೊಂದನ್ನು ಕಡಿಮೆ ಬೆಲೆಗೆ ಹೊಸದಾಗಿಯೇ ಕೊಂಡು ಜೋಡಿಸಬಹುದು, ಅದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಕೊಳ್ಳುವಾಗ ಮಲ್ಟಿಮೀಟರ್ ಒಯ್ಯಿರಿ. ಹಿಂಬದಿಯಲ್ಲಿ 8 ಓಮ್ ಎಂದಿರುವ ಸ್ಪೀಕರ್ ಮೀಟರಿನಲ್ಲಿ ಸುಮಾರು 5.5ರಿಂದ 7ರವರೆಗೆ, 4 ಓಮಿನದು ಸುಮಾರು 3ರಿಂದ 4ರವರೆಗೆ ತೋರಿಸುವುದು ಸಹಜ. ಮೀಟರ್ ಅಲುಗಾಡದಿದ್ದರೆ ಕಾಯಿಲ್ ತುಂಡಾಗಿದೆ. ಎಡ ಬಲ ಎರಡರ ಅಂಕಿಗಳೂ ಹೆಚ್ಚು ಕಡಿಮೆ ಒಂದೇ ಇರಬೇಕು. ಬಹಳ ವ್ಯತ್ಯಾಸವಿದ್ದರೆ ಯಾರೋ ಒಂದು ಬದಿಗೆ ಬೇರೆ ಡ್ರೈವರ್ (ಕೋನು ಮತ್ತು ಕಾಯಿಲ್ ಇರುವ, ಸದ್ದು ಹೊರಡಿಸುವ ಭಾಗ) ಕೂರಿಸಿದ್ದಾರೆ, ಆ ಜೋಡಿಯನ್ನು ಬಿಟ್ಟುಬಿಡಿ.