ಹೊಳೆಯನ್ನು ಯಾರೂ ಭೇದಿಸುವುದಿಲ್ಲ

ಪ್ರಶ್ನೆ: ನಮ್ಮೂರಿನ ತಾಳಮದ್ದಳೆಯಲ್ಲಿ ‘ಅಭಿಮನ್ಯು ಕಾಳಗ’ ಇತ್ತು. ದ್ರೋಣನ ಪಾತ್ರಕ್ಕೆ ಮಾತಾಡಿದ ಅರ್ಥಧಾರಿ ತನ್ನ ವ್ಯೂಹ ‘ಅಭೇದ್ಯ’ ಎಂದರು. ‘ಅಭೇದ್ಯವಾದರೆ ನಾನು ಒಳಗೆ ಬಂದದ್ದು ಹೇಗೆ?’ ಎಂದು ಅಭಿಮನ್ಯು ಕೆಣಕಿದ. ಚರ್ಚೆ ಮರುದಿನವೂ ಮುಗಿಯಲಿಲ್ಲ. ಯಾರು ಸರಿ? ಅಭೇದ್ಯ, ದುರ್ಗಮ, ದುಸ್ತರ, ಅನುಲ್ಲಂಘ್ಯ ಎಲ್ಲವೂ ಒಂದೇ ಅಲ್ಲವೇ? (ಓದುಗರೊಬ್ಬರು, ಮುಳ್ಳೇರಿಯ)

ಉತ್ತರ: ಒಂದೇ ಅಲ್ಲ. ‘ಅಭೇದ್ಯ ಸಾಗರ’, ‘ದುಸ್ತರ ಬೆಟ್ಟ’ ಎಂದು ಬರೆದ ಪ್ರಬಂಧಗಳನ್ನು ತಿದ್ದಿಯೇ ನನ್ನ ಕೆಂಪು ಶಾಯಿ ಮುಗಿದದ್ದು. ನಿವೃತ್ತನಾದ ಮೇಲೂ ಬಿಡುಗಡೆಯಿಲ್ಲ, ಇದೇ ಪ್ರಶ್ನೆ ಮತ್ತೆ ಮತ್ತೆ ಅಂಚೆಯಲ್ಲಿ ಬರುತ್ತದೆ.

ಪ್ರತಿ ಶಬ್ದದ ಹೊಟ್ಟೆಯಲ್ಲಿಯೂ ಒಂದು ಕ್ರಿಯೆ ಕುಳಿತಿದೆ. ಭೇದಿಸುವುದೆಂದರೆ ಒಡೆಯುವುದು, ಸೀಳುವುದು. ಗೋಡೆ, ಕವಚ, ವ್ಯೂಹ, ಗುಟ್ಟು, ಇವಕ್ಕೆ ಅದು ಸಲ್ಲುತ್ತದೆ. ಗಮನವೆಂದರೆ ಹೋಗುವುದು, ಅದು ಕಾಲಿಗೆ ಸಂಬಂಧಿಸಿದ್ದು, ಆದ್ದರಿಂದ ಕಾಡಿನ ದಾರಿ ದುರ್ಗಮ. ತರಣವೆಂದರೆ ದಾಟುವುದು, ಅದು ನೀರಿನದು, ಆದ್ದರಿಂದ ಹೊಳೆ ದುಸ್ತರ. ಲಂಘನವೆಂದರೆ ಹಾರುವುದು. ಹನುಮಂತ ಕಡಲನ್ನು ಲಂಘಿಸಿದ. ಅದೇ ಕಡಲನ್ನು ರಾಮನ ಸೈನ್ಯ ಸೇತುವೆ ಕಟ್ಟಿ ದಾಟಿತು. ಭೇದಿಸಿದವರು ಯಾರೂ ಇಲ್ಲ. ‘ಬದುಕು ದುಸ್ತರ’ ಎಂದು ದಿನವೂ ಅಚ್ಚು ಹಾಕುವವರಿಗೆ ಅದರೊಳಗೆ ಹರಿಯುವ ಹೊಳೆ ಕಾಣುವುದಿಲ್ಲ. ಪರೀಕ್ಷೆಯಲ್ಲಿ ‘ಉತ್ತೀರ್ಣ’ನಾದವನು ದಡ ಸೇರಿದವನು. ತೀರ್ಥವೆಂದರೆ ಮೊದಲಿಗೆ ಹೊಳೆಗೆ ಇಳಿಯುವ ಕಡವು. ಪಾರಂಗತ ಆಚೆ ದಡ ಮುಟ್ಟಿದವನು, ಅಪಾರ ಆಚೆ ದಡವೇ ಇಲ್ಲದ್ದು.

ಇನ್ನು ಶಬ್ದದ ಮೊದಲಿಗೆ ಬರುವ ಅಕ್ಷರ. ‘ಅ’ ಎಂದರೆ ಆಗದೇ ಆಗದು. ‘ದುರ್’ ಎಂದರೆ ಕಷ್ಟ, ಆದರೆ ಆದೀತು. ನಮ್ಮ ತೋಟದ ತಡಮೆ ದನಕ್ಕೆ ಅಲಂಘ್ಯ, ಈ ಪ್ರಾಯದಲ್ಲಿ ನನಗೆ ದುರ್ಲಂಘ್ಯ, ಪಕ್ಕದ ಮನೆಯ ಹುಡುಗರಿಗೆ ಅದೊಂದು ಆಟ.

ಈಗ ನಿಮ್ಮ ಜಗಳ. ವ್ಯಾಸಭಾರತದಲ್ಲಿ ದೇವತೆಗಳಿಗೂ ಅಭೇದ್ಯವಾದ ವ್ಯೂಹ ರಚಿಸುತ್ತೇನೆ ಎಂದು ದ್ರೋಣನೇ ಹೇಳುತ್ತಾನೆ. ದುರ್ಯೋಧನನ ಚುಚ್ಚುಮಾತು ಕೇಳಿ ನೊಂದ ಸೇನಾಪತಿಯ ಮಾತದು. ಅರ್ಜುನನನ್ನು ದೂರ ಸೆಳೆಯಬೇಕೆಂಬ ಷರತ್ತನ್ನೂ ಅವನೇ ಸೇರಿಸುತ್ತಾನೆ. ಅತ್ತ ಧರ್ಮರಾಯ, ಇದನ್ನು ಒಡೆಯಬಲ್ಲವರು ಕೃಷ್ಣ, ಅರ್ಜುನ, ಪ್ರದ್ಯುಮ್ನ ಮತ್ತು ನೀನು, ಐದನೆಯವನಿಲ್ಲ ಎಂದು ಅಭಿಮನ್ಯುವಿಗೆ ಹೇಳುತ್ತಾನೆ. ಅಲ್ಲಿಗೆ ವ್ಯೂಹ ದುರ್ಭೇದ್ಯವಾಯಿತು. ಪಾತ್ರ ನೋಡಿದರೆ ದ್ರೋಣ ಸರಿ, ಲೆಕ್ಕ ನೋಡಿದರೆ ಅಭಿಮನ್ಯು ಸರಿ. ಹುಡುಗನಿಗೆ ಕಷ್ಟವಾದದ್ದು ಹೊರಗೆ ಬರುವುದು, ಅದನ್ನು ‘ದುರ್ನಿರ್ಗಮ’ ಎನ್ನೋಣ. ಶಬ್ದ ನಾನು ಈಗ ಕಟ್ಟಿದ್ದು. ಅರ್ಥಧಾರಿಗಳು ಬೇಕಾದರೆ ಬಳಸಲಿ, ನನ್ನ ಹೆಸರು ಹೇಳಬೇಕಾಗಿಲ್ಲ.

ಬರೆಯುವವರಿಗೆ ದ್ರೋಣನ ಸವಲತ್ತಿಲ್ಲ. ಕಾಸರಗೋಡಿನ ಬೇಕಲ ಕೋಟೆಯನ್ನು ‘ಅಭೇದ್ಯ’ ಎನ್ನುವವರು, ಅದು ಕೆಳದಿಯವರಿಂದ ಹೈದರನಿಗೆ, ಟಿಪ್ಪುವಿಗೆ, ಕೊನೆಗೆ ಕಂಪೆನಿಗೆ ಹೋದದ್ದು ಹೇಗೆಂದು ಮೊದಲು ಹೇಳಲಿ.

ಅನುಲ್ಲಂಘ್ಯ ಬೇರೆಯೇ ಜಾತಿ. ಅಲ್ಲಿ ‘ಆಗದು’ ಎನ್ನುವುದಕ್ಕಿಂತ ‘ಕೂಡದು’ ಎನ್ನುವುದೇ ಹೆಚ್ಚು. ಹಿಂದೆ ನಾಯರ್ ಹೆಂಗಸರು ಚಂದ್ರಗಿರಿ ಹೊಳೆಯನ್ನು ದಾಟಿ ಬಡಗು ದಿಕ್ಕಿಗೆ ಬರಬಾರದೆಂಬ ಕಟ್ಟಳೆ ಇತ್ತು. ಕಡವಿನಲ್ಲಿ ದೋಣಿ ಇತ್ತು, ಅಂಬಿಗನಿದ್ದ, ಗಂಡಸರು ದಾಟುತ್ತಿದ್ದರು. ಹೊಳೆ ದುಸ್ತರವಾಗಿರಲಿಲ್ಲ, ಕಟ್ಟಳೆ ಅನುಲ್ಲಂಘ್ಯವಾಗಿತ್ತು. ಒಂದೇ ನೀರಿಗೆ ಎರಡು ಶಬ್ದ ಏಕೆ ಬೇಕೆಂದು ಇನ್ನು ಕೇಳಬೇಡಿ.

ಸಂಶಯವಿದ್ದರೆ ‘ದುರ್’ ಹಾಕಿ. ನಾನು ನಲವತ್ತು ವರ್ಷ ಹಾಗೆಯೇ ಬಚಾವಾಗಿದ್ದೇನೆ. ಅದೂ ಬೇಡವಾದರೆ ‘ಹಾವೂ ನುಸುಳದ ಬಿದಿರ ಮೆಳೆ’ ಎಂದು ಬರೆಯಿರಿ, ಸಂಸ್ಕೃತದ ಹಂಗಿಲ್ಲ.

ಪ್ರಶ್ನೆ: ದುರ್ಗ ಎಂದರೆ ಹೋಗಲು ಕಷ್ಟವಾದ ಜಾಗವಂತೆ. ನಾನು ದಿನವೂ ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗುತ್ತೇನಲ್ಲ?

ಉತ್ತರ: ಹೋಗಿ ಬನ್ನಿ.

ಪ್ರಶ್ನೆ: ಪಾಠದಲ್ಲಿ ‘ಅಪ್ರವೇಶ್ಯ ಶಿಲೆ’ ಎಂದಿದೆ. ಮಕ್ಕಳಿಗೆ ಹೇಗೆ ಹೇಳಲಿ?

ಉತ್ತರ: ನೀರಿಳಿಯದ ಕಲ್ಲು.

ಪ್ರಶ್ನೆ: ‘ಸುರಂಗ’ ಎಂದರೆ ಸು ಮತ್ತು ರಂಗ, ಅಂದರೆ ಒಳ್ಳೆಯ ವೇದಿಕೆ ಎಂದು ಮೊಬೈಲ್‌ನಲ್ಲಿ ಬಂದಿದೆ. ನಿಜವೇ?

ಉತ್ತರ: ಸುಳ್ಳು. ಸಂಸ್ಕೃತದಲ್ಲಿ ಅದು ‘ಸುರುಂಗಾ’. ಗ್ರೀಕರು ಕೊಳಲಿಗೂ ಕೊಳವೆಗೂ ಹೇಳುವ ‘ಸಿರಿಂಕ್ಸ್’ನಿಂದ ಬಂದದ್ದೆಂದು ವಿದ್ವಾಂಸರ ಮತ. ಶಬ್ದವನ್ನು ಅಡಕೆಯಂತೆ ಎರಡು ಹೋಳು ಮಾಡಿ ಅರ್ಥ ಹೇಳುವವರು ನಾಟಿ ವೈದ್ಯರ ವೇಷದ ಮೋಸಗಾರರಿಗಿಂತ ಮೇಲಲ್ಲ. ನಮ್ಮ ಕಡೆಯ ಗುಡ್ಡದಲ್ಲಿ ಮುರಕಲ್ಲು ಕೊರೆದ ಸುರಂಗವೊಂದಕ್ಕೆ ಬಗ್ಗಿ ಇಳಿಯಿರಿ, ಮೇಲಿನಿಂದ ಜಿನುಗುವ ನೀರು ಕತ್ತಿನ ಹಿಂದೆ ಬಿದ್ದಾಗ ರಂಗ ಎಲ್ಲಿದೆಯೆಂದು ನೋಡಿ. ಒಬ್ಬರೇ ಮಾತ್ರ ಹೋಗಬೇಡಿ, ಒಳಗೆ ಹೋದಂತೆ ಗಾಳಿ ಕಡಿಮೆ.