ಪ್ರಶ್ನೋತ್ತರ: ಸ್ಕಾರ್ಲಾಟಿಯ ಸೊನಾಟಾಗಳು

ಪ್ರಶ್ನೆ: 18ನೇ ಶತಮಾನದ ಇಟಲಿಯ ಸಂಯೋಜಕ ಡೊಮೆನಿಕೊ ಸ್ಕಾರ್ಲಾಟಿಯ ಒಂದೇ ಸೊನಾಟಾವನ್ನು (ಕೀಲಿಮಣೆ ವಾದ್ಯದ ಕಿರುಕೃತಿ) ಕೆಲವರು ‘ಕೆ. 380’ ಎನ್ನುತ್ತಾರೆ, ಕೆಲವರು ‘ಎಲ್. 23’. ಯಾವುದು ಸರಿ?

ಎರಡೂ ಸರಿ. 20ನೇ ಶತಮಾನದ ಮೊದಲ ದಶಕದಲ್ಲಿ ಇಟಲಿಯ ಪಿಯಾನೋ ವಾದಕ ಅಲೆಸ್ಸಾಂಡ್ರೊ ಲಾಂಗೊ ಈ ಕೃತಿಗಳನ್ನು ಅಚ್ಚು ಹಾಕಿಸಿದಾಗ ಕೊಟ್ಟ ಸಂಖ್ಯೆ ‘ಎಲ್’. ಅಮೆರಿಕದ ಹಾರ್ಪ್ಸಿಕಾರ್ಡ್ ವಾದಕ ರಾಲ್ಫ್ ಕರ್ಕ್‌ಪ್ಯಾಟ್ರಿಕ್ 1953ರಲ್ಲಿ ಒಟ್ಟು 555 ಸೊನಾಟಾಗಳಿಗೆ ಕೊಟ್ಟದ್ದು ‘ಕೆ’. ಈಗ ಚಾಲ್ತಿಯಲ್ಲಿರುವುದು ಎರಡನೆಯದು. ಅಕ್ಷರ ನೋಡದೆ ಬರೀ 23 ಎಂದು ಹುಡುಕಿದರೆ ಬೇರೆಯೇ ಕೃತಿ ಕೈಗೆ ಸಿಗುತ್ತದೆ. ಲಾಂಗೊ ತನ್ನ ಕಿವಿಗೆ ಒರಟೆನಿಸಿದ ಕಡೆ ಸ್ವರಗಳನ್ನೂ ತಿದ್ದಿದ್ದಾನೆ. ಹಾಗಾಗಿ ಪುಸ್ತಕ ಕೊಳ್ಳುವಾಗ ಸಂಪಾದಕರು ಯಾರೆಂದು ನೋಡಿಕೊಳ್ಳಿ.

ಪ್ರಶ್ನೆ: ಪಿಯಾನೋದಲ್ಲಿ ಕೆ. 141 ಅಭ್ಯಾಸ ಮಾಡುತ್ತಿದ್ದೇನೆ. ಒಂದೇ ಸ್ವರ ಮತ್ತೆ ಮತ್ತೆ ಬರುವ ಕಡೆ ಎರಡು ಸಾಲು ಮುಗಿಯುವಷ್ಟರಲ್ಲಿ ಮಣಿಕಟ್ಟು ಬಿಗಿಯುತ್ತದೆ, ಸ್ವರಗಳು ನುಂಗಿಹೋಗುತ್ತವೆ. ಏನು ತಪ್ಪು?

ಮೊದಲು ಬೆರಳು ನೋಡಿ. ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದರೆ ಮಣಿಕಟ್ಟು ಬಿಗಿಯದೆ ಇನ್ನೇನಾದೀತು! ಮಧ್ಯದ ಬೆರಳು, ತೋರುಬೆರಳು, ಹೆಬ್ಬೆರಳು, ಅಂದರೆ 3-2-1, ಈ ಕ್ರಮದಲ್ಲಿ ಬದಲಾಯಿಸಿ. ಬೆರಳುಗಳು ಕೀಲಿಯನ್ನು ಮೇಲಿಂದ ಹೊಡೆಯಬಾರದು, ಅಂಚನ್ನು ಸವರಿಕೊಂಡು ಅಂಗೈ ಕಡೆಗೆ ಜಾರಬೇಕು.

ಇಲ್ಲೊಂದು ತೊಡಕಿದೆ. ಈ ಕೃತಿಯ ತಾಳ 3/8, ಅಂದರೆ ಒಂದು ಸುತ್ತಿಗೆ ಮೂರು ಎಣಿಕೆ. ಒಂದು ಸುತ್ತಿನಲ್ಲಿ ಆರು ಸ್ವರ, ಅದನ್ನು ‘ತಕ ತಕ ತಕ’ ಎಂದು ಎಣಿಸಬೇಕು. 3-2-1 ಹಿಡಿದ ಕೈ ತಾನಾಗಿಯೇ ‘ತಕಿಟ ತಕಿಟ’ ಎನ್ನತೊಡಗುತ್ತದೆ, ಒತ್ತು ಜಾಗ ತಪ್ಪುತ್ತದೆ. ಲಯ ಎಣಿಸುವ ಯಂತ್ರ ಮೆಟ್ರೊನೋಮನ್ನು 80ಕ್ಕಿಟ್ಟು, ಒಂದು ಟಕ್‌ಗೆ ಎರಡು ಸ್ವರದಂತೆ ಬಾಯಲ್ಲಿ ‘ತಕ’ ಹೇಳಿಕೊಂಡೇ ನುಡಿಸಿ. ಒತ್ತು ಸ್ಥಿರವಾದ ಮೇಲೆ ನಾಲ್ಕು ನಾಲ್ಕಾಗಿ ಏರಿಸಿ. ಮಣಿಕಟ್ಟು ಬಿಗಿಯಿತೋ, ಎಂಟು ಕೆಳಗಿಳಿಯಿರಿ.

ಇಷ್ಟಾದರೂ ಸ್ವರ ನುಂಗಿಹೋದರೆ ದೋಷ ವಾದ್ಯದ್ದೂ ಇರಬಹುದು. ಗ್ರ್ಯಾಂಡ್ ಪಿಯಾನೋದಲ್ಲಿ ಕೀಲಿ ಪೂರ್ತಿ ಮೇಲೇಳುವ ಮೊದಲೇ ಸುತ್ತಿಗೆ ಮತ್ತೆ ಹೊಡೆಯಬಲ್ಲದು. ನೆಟ್ಟಗೆ ನಿಲ್ಲುವ ಅಪ್‌ರೈಟ್‌ನಲ್ಲಿ ಕೀಲಿ ಬಹುಪಾಲು ಮೇಲೆ ಬರಲೇಬೇಕು. ಡಿಜಿಟಲ್ ಪಿಯಾನೋಗಳಲ್ಲಿ ಕೀಲಿಗೆ ಎರಡೇ ಸೆನ್ಸರ್ ಇದ್ದರೂ ಇದೇ ಪಾಡು, ಮೂರಿದ್ದರೆ ವಾಸಿ.

ಎಡಗೈಯ ಮೇಳಸ್ವರಗಳಲ್ಲಿ (ಒಟ್ಟಿಗೆ ಒತ್ತುವ ಸ್ವರಗಳಲ್ಲಿ) ಪಕ್ಕಪಕ್ಕದ ಸ್ವರಗಳು ಡಿಕ್ಕಿ ಹೊಡೆಯುವುದು ಮುದ್ರಣದೋಷವಲ್ಲ, ಬಿಡಬೇಡಿ. ಸ್ಪೇನಿನ ಗಿಟಾರಿನ ತಂತಿಗಳನ್ನು ಒಟ್ಟಿಗೆ ಗೀರಿದ ಸದ್ದು ಅದು. ಕೆ. 119, ಕೆ. 175ರಲ್ಲಿ ಈ ಗುದ್ದಾಟ ಇನ್ನೂ ಜೋರು. ನೇಪಲ್ಸ್‌ನಲ್ಲಿ 1685ರಲ್ಲಿ ಹುಟ್ಟಿದ ಸ್ಕಾರ್ಲಾಟಿ, ಪೋರ್ಚುಗಲ್ ರಾಜಕುಮಾರಿ ಮರಿಯಾ ಬಾರ್ಬರಾಗೆ ಗುರುವಾಗಿ, ಆಕೆ ಮದುವೆಯಾಗಿ ಸ್ಪೇನಿಗೆ ಹೋದಾಗ ತಾನೂ ಹೋದವನು. 1757ರಲ್ಲಿ ತೀರಿಕೊಂಡದ್ದೂ ಮ್ಯಾಡ್ರಿಡ್‌ನಲ್ಲೇ.

ಪ್ರಶ್ನೆ: ಸ್ವರವನ್ನು ಉಳಿಸುವ ಕಾಲಿನ ಪೆಡಲ್ ಬಳಸಬಹುದೇ?

ಕೆ. 141ರಲ್ಲಿ ಬೇಡ, ಬಿಡಿಬಿಡಿ ಸ್ವರಗಳೆಲ್ಲ ಕಲಸಿಹೋಗುತ್ತವೆ. ನಿಧಾನದ ಕೃತಿಗಳಲ್ಲಿ ಮೇಳಸ್ವರ ಬದಲಾಗುವಾಗ ಒಂದು ಚಿಟಿಕೆ ಸಾಕು. ಬರೆದದ್ದು ಹಾರ್ಪ್ಸಿಕಾರ್ಡಿಗೆ. ಅದು ತಂತಿಯನ್ನು ಮೀಟುವ ವಾದ್ಯ, ಬೆರಳು ಎಷ್ಟೇ ಒತ್ತಿದರೂ ದನಿ ಹೆಚ್ಚುಕಡಿಮೆ ಅಷ್ಟೇ.

ಪ್ರಶ್ನೆ: ಹೊಸಬರು ಎಲ್ಲಿಂದ ಶುರು ಮಾಡಬೇಕು? ಯಾರ ನುಡಿಕೆ ಕೇಳಬೇಕು?

ವೇಗದ ಕೃತಿಗಳ ಬೆನ್ನು ಹತ್ತುವ ಬದಲು ಕೆ. 208ರಿಂದ ಶುರುಮಾಡಿ. ಎಡಗೈ ಗಡಿಯಾರದಂತೆ ನಡೆಯುತ್ತಿರುತ್ತದೆ, ಬಲಗೈ ಅದಕ್ಕೆ ತುಸು ಹಿಂದೆ ಮುಂದೆ ಹಾಡುತ್ತದೆ. ಬಲಗೈ ಜೊತೆ ಎಡಗೈಯೂ ತೂಗಾಡಿದರೆ ಕೃತಿ ಕುಸಿಯುತ್ತದೆ. ಬಹುತೇಕ ಸೊನಾಟಾಗಳಲ್ಲಿ ಎರಡು ಭಾಗ, ಪ್ರತಿಯೊಂದನ್ನೂ ಎರಡು ಸಲ ನುಡಿಸಬೇಕು. ಪುನರಾವರ್ತನೆ ಬಿಟ್ಟರೆ ಕೃತಿಯ ಉದ್ದ ಅರ್ಧಕ್ಕಿಳಿಯುತ್ತದೆ, ಅಲಂಕಾರ ಬದಲಿಸುವ ಅವಕಾಶವೂ ಹೋಗುತ್ತದೆ.

ಕೇಳುವುದಕ್ಕೆ, ಹಾರ್ಪ್ಸಿಕಾರ್ಡಿನಲ್ಲಿ ಸ್ಕಾಟ್ ರಾಸ್. ಎಲ್ಲ 555ನ್ನೂ 1984–85ರಲ್ಲಿ ಧ್ವನಿಮುದ್ರಿಸಿದವರು, ಒಟ್ಟು 34 ಸಿ.ಡಿ. ಪಿಯಾನೋದಲ್ಲಿ ಹೊರೊವಿಟ್ಜ್ 1986ರಲ್ಲಿ ಮಾಸ್ಕೋದಲ್ಲಿ ನುಡಿಸಿದ ಕೆ. 380 ಕೇಳಿ. ಎರಡನೇ ಭಾಗದ ತುತ್ತೂರಿ ದನಿ ದೂರದ ಬೀದಿಯಿಂದ ಬಂದಂತಿದೆ. ಕೆ. 141 ಪಿಯಾನೋ ವಾದಕಿ ಮಾರ್ತಾ ಆರ್ಗರಿಚ್ ಅವರದೇ ಎನ್ನುವಷ್ಟು ಪ್ರಸಿದ್ಧ, ಆದರೆ ಅಭ್ಯಾಸದ ಮೊದಲ ತಿಂಗಳು ಅದನ್ನು ಕೇಳಬೇಡಿ. ಕೈ ಆ ವೇಗಕ್ಕೇ ಹಟ ಹಿಡಿಯುತ್ತದೆ.